ಎರಡ್ ಸೆಕೆಂಡಿನ ಉಪಕಾರ

ಮಾವಯ್ಯನ ಊರುಗೋಲು ನಾನ್ ಮುರ್ದದ್ದ್ ಅಂತ ಇಡೀ ಕೇರಿಗೆ ಗೊತ್ತಾಯ್ತ್. ಮುರ್ದದ್ದ್ ಹೌದು, ಸುಳ್ಳಲ್ಲ. ಆದ್ರೆ ಹ್ಯಾಂಗೆ ಮುರಿತ್ ಅಂತ ಒಬ್ರೂ ಕೇಂಡದ್ದಿಲ್ಲ. "ಹೆಂಗ್ಸ್ರ್ ಕಾರ್ ಬಿಟ್ರೆ ಹೀಂಗೇ" ಅಂತ ಒಂದೇ ಮಾತಲ್ಲಿ ಮುಗ್ಸಿದ್ರ್. ಹಾಂಗಾಗಿ ನಾನೇ ಬರಿಯುಕೆ ಕೂತದ್ದ್.

ನಮ್ಮನೆ ಹಟ್ಟಿಯಂಗಡಿಯಲ್ಲಿ, ವಾರಾಹಿ ಹೊಳೆ ಬದಿಗೆ ಇಳಿದ ಜಾಗದಲ್ಲಿ. ಸಿದ್ಧಿವಿನಾಯಕ ದೇವಸ್ಥಾನಕ್ಕೆ ಬಂದವ್ರಿಗೆ ಊರು ಗೊತ್ತಿತ್ತ್. ನಮ್ಮ ಅಂಗಳದಿಂದ ಡಾಮರ್ ರಸ್ತೆಗೆ ಹೋಪುಕೆ ಒಂದ್ ಏರು ಹತ್ಕ್. ಕೆಳಗೆ ಕೆಂಪುಮಣ್ಣು, ಮೇಲೆ ಕಾಂಕ್ರೀಟು. ರಸ್ತೆ ಸೇರುವಲ್ಲಿ ನಿಲ್ಸಿ, ತಲ್ಲೂರು ಬದಿಯಿಂದ ಬಸ್ಸ್ ಬತ್ತಾ ಅಂತ ಕಂಡೇ ಮುಂದೆ ಹೋಯ್ಕ್. ಕಾರ್ ಅಲ್ಲಿ ನಿಂತಾಗ ಮಾವಯ್ಯ ಹಿಂದಿನಿಂದ ಬಂದ್ ಗೇಟ್ ಹಾಕ್ತ್ರ್, ಬೀದಿ ದನ ಒಳಗೆ ಬಪ್ಪುದ್ ಬ್ಯಾಡ ಅಂದೇಳಿ. ಎಂಬತ್ತ್ ದಾಟಿದ ಜನ. ಬ್ಯಾಡ ಅಂದ್ರೂ ಕೇಂತಿಲ್ಲೆ. ಎಷ್ಟೋ ವರ್ಷದ ಪದ್ಧತಿ ಇದ್. ನಮ್ಮ ಹಳೆ ಮಾರುತಿ 800 ಇಪ್ಪತನಕ ಒಂದ್ ದಿನವೂ ಎಂತದೂ ಆಯ್ಲಿಲ್ಲ.

ಮಗ ಬೆಂಗಳೂರಲ್ಲಿ ಕೆಲ್ಸದಲ್ಲಿ ಇದ್ದ. ಹಳೆ ಕಾರ್ ಕೊಟ್ಟ್ ಹೊಸದ್ ತೆಗ್ಸಿದ. ಗೇರಿನದ್ದೇ. ಕೀ ಕೊಡುವಾಗ ಹೇಳ್ದ: "ಅಮ್ಮ, ಇದ್ರಲ್ಲಿ ಹಿಲ್ ಅಸಿಸ್ಟ್ ಇತ್ತ್. ಏರಲ್ಲಿ ನೀನ್ ಎಂತದೂ ಮಂಡಿಬಿಸಿ ಮಾಡ್ಕಣ್ಬೇಡ. ಬ್ರೇಕ್ ಬಿಟ್ರೂ ಅದೇ ಹಿಡ್ಕಂತ್." ಶೋರೂಮಿನ ಹುಡ್ಗನೂ ಹಾಂಗೇ ಹೇಳಿದ್ದ. ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ಸಿ, ಫೋಟೊ ತೆಗ್ದ್ ಕಳ್ಸಿದ್ರ್. ಹಿಡ್ಕಂತ್ ಅಂದ್ರೇ ಹೊರತು ಎಷ್ಟ್ ಹೊತ್ತು ಹಿಡ್ಕಂತ್ ಅಂತ ಒಬ್ರೂ ಹೇಳ್ಲಿಲ್ಲ.

ಆ ದಿನ ಏರಿನ ತುದಿಯಲ್ಲಿ ನಿಲ್ಸಿದೆ. ಬಸ್ಸ್ ಹೋಯ್ತ್. ಫಸ್ಟ್ ಗೇರ್ ಹಾಕಿ, ಕ್ಲಚ್ ಒತ್ತಿ ಹಿಡ್ದ್, ಬ್ರೇಕಿಂದ ಕಾಲ್ ತೆಗ್ದೆ. ಕಾರ್ ಅಲ್ಲಾಡ್ಲಿಲ್ಲ. ‘ಮಗ ಹೇಳಿದ್ದ್ ಸರಿ’ ಅಂದ್ಕಂಡೆ. ಅಷ್ಟೊತ್ತಿಗೆ ಒಂದ್ ಬೈಕ್ ಬಂತ್, ಅದ್ ಹೋಗ್ಲಿ ಅಂತ ಕಾದೆ. ಬೈಕ್ ಹೋಪುದ್ರೊಳಗೆ ಕಾರ್ ತನ್ನಷ್ಟಕ್ಕೆ ಕೈ ಬಿಟ್ಟ್ ಹಿಂದೆ ಜಾರಿತ್. ನಾನ್ ಬ್ರೇಕ್ ಮೆಟ್ಟುವಾಗ ಕೆಳಗಿಂದ ‘ಟಕ್’ ಅಂತ ಒಂದ್ ಸದ್ದ್. ನನ್ನ ಜೀವವೇ ಹೋಯ್ತ್. ಇಳ್ದ್ ಕಂಡ್ರೆ ಮಾವಯ್ಯ ಗೇಟಿನ ಬದಿಗೆ ಹಾರಿ ಕಂಬ ಹಿಡ್ದ್ ನಿಂತಿದ್ರ್. ಕೋಲು ಚಕ್ರದಡಿ ಎರಡ್ ತುಂಡು. "ಎಂತದೂ ಆಯ್ಲಿಲ್ಲ ಹೆಣೆ, ಮರ್ಕಬೇಡ" ಅಂದ್ರ್. ಕೈ ಮಾತ್ರ ನಡುಗ್ತಿತ್ತ್. ನನ್ನದೂ.

ಹಿಂದೆ ಯಾರಾರೂ ಇದ್ರೆ ಕಿರುಚುವ ರಿವರ್ಸ್ ಸೆನ್ಸರ್ ಇಲ್ದಾ ಅಂತ ನೀವ್ ಕೇಂಬ್ರಿ. ಇತ್ತ್. 2019ರ ಜುಲೈಯಿಂದ ಹೊಸ ಕಾರಿಗೆಲ್ಲ ಅದ್ ಕಡ್ಡಾಯ. ಆದ್ರೆ ಅದ್ ಕೂಗುದ್ ರಿವರ್ಸ್ ಗೇರ್ ಹಾಕಿದ್ರೆ ಮಾತ್ರ. ನನ್ನ ಕಾರ್ ಫಸ್ಟ್ ಗೇರಲ್ಲಿ ಇದ್ಕಂಡ್ ಹಿಂದೆ ಹೋಯ್ತಲ್ದಾ, ಅದಕ್ಕೆ ಬಾಯಿ ಕಟ್ಟಿತ್. ಹಿಂದಿನ ಬಿಳಿ ದೀಪವೂ ಹತ್ತಲಿಲ್ಲ. ಹಿಂದೆ ನಿಂತ ಮುದುಕರಿಗೆ ಯಾವ ಸೂಚನೆಯೂ ಇಲ್ಲ.

ನಂತ್ರ ಮಗನ ಹತ್ರ ಫೋನಲ್ಲಿ ಕೂತ್ ಆ ದಪ್ಪ ಇಂಗ್ಲಿಷ್ ಪುಸ್ತಕ ಓದ್ಸಿದೆ. ನಾನ್ ಪಿಯುಸಿ ಓದಿದ್ದ್, ಇಂಜಿನಿಯರ್ ಅಲ್ಲ. ಆದ್ರೂ ಅರ್ಥ ಆಪಷ್ಟ್ ಅರ್ಥ ಆಯ್ತ್. ಕಾರು ಏರಲ್ಲಿ ನಿಂತಿತ್ತಾ ಅಂತ ಒಂದ್ ಸೆನ್ಸರ್ ಅಳೆಯುತ್ತದೆ. ಚಕ್ರ ತಿರುಗುತ್ತಿಲ್ಲ ಅಂತ ಎಬಿಎಸ್‌ನ ಸೆನ್ಸರ್ ಹೇಳುತ್ತದೆ. ನಾವು ಬ್ರೇಕಿಂದ ಕಾಲು ತೆಗೆದರೂ ಬ್ರೇಕ್ ಎಣ್ಣೆಯ ಒತ್ತಡ ವಾಪಸ್ ಹೋಗದ ಹಾಗೆ ಒಂದು ವಾಲ್ವ್ ತಡೆದು ಹಿಡಿಯುತ್ತದೆ, ಹೆಚ್ಚು ಅಂದ್ರೆ ಎರಡ್ ಸೆಕೆಂಡ್. ಅಷ್ಟರೊಳಗೆ ಎಂಜಿನ್ ಎಳೆಯುಕೆ ಸುರು ಮಾಡ್ರೆ ಬಿಡುತ್ತದೆ. ಸುರು ಮಾಡದಿದ್ರೂ ಎರಡ್ ಸೆಕೆಂಡ್ ಆದ ಕೂಡ್ಲೆ ಬಿಡುತ್ತದೆ. ಬಿಡುವ ಮೊದ್ಲು ಒಂದ್ ‘ಕುಂಯ್’ ಅನ್ನುದೂ ಇಲ್ಲ. ಅಟ್ಟಕ್ಕೆ ಹತ್ಸಿ ಏಣಿ ತೆಗೆಯುದ್ ಅಂದ್ರೆ ಇದೇ ಅಲ್ದಾ?

ಇದ್ ನನ್ನ ಮೊದಲನೇ ತಕರಾರು. ಎರಡನೇದ್ ಇನ್ನೂ ದೊಡ್ಡದ್.

ನಾನ್ ಕಾರ್ ಕಲ್ತದ್ದ್ 46ನೇ ವರ್ಷಕ್ಕೆ, ಇವ್ರ ಕಣ್ಣಿನ ಆಪರೇಷನ್ ಆದ್ಮೇಲೆ. ಕಲ್ಸಿದವ್ರ್ ಕುಂದಾಪುರದ ಒಬ್ಬ ಹಳೇ ಡ್ರೈವರ್. ಏರಲ್ಲಿ ನಿಲ್ಸಿ, ಹ್ಯಾಂಡ್ ಬ್ರೇಕ್ ಎಳ್ಸಿ, ಕ್ಲಚ್ಚನ್ನ ಕೂದಲೆಳೆಯಷ್ಟ್ ಬಿಡ್ಸ್ತಿದ್ರ್. "ಎಂಜಿನ್ ಸ್ವರ ಇಳಿತ್, ಕೇಂತಾ? ಕಾರಿನ ಮೂತಿ ಚೂರ್ ಎದ್ದಿತ್, ಗೊತ್ತಾಯ್ತಾ? ಈಗ್ಳ್ ಬ್ರೇಕ್ ಬಿಡಿ" ಅಂತಿದ್ರ್. ಏರ್ ಅಂದ್ರೆ ಕಿವಿ, ಕಾಲು, ಸೊಂಟ ಮೂರರಲ್ಲೂ ಕಲಿವ ವಿದ್ಯೆ. ಕಲ್ತ ಮೇಲೆ ಹುಲಿಕಲ್ ಘಾಟಿಯಲ್ಲಿ ಲಾರಿ ಹಿಂದೆ ನಿಂತ್ರೂ ಒಂದ್ ಅಡಿ ಹಿಂದೆ ಹೋಯ್ಲಿಲ್ಲ ನಾನ್.

ಈಗ ಅದೇ ವಿದ್ಯೆ ಹೊಸ ಕಾರಲ್ಲಿ ನಡಿತಿಲ್ಲ. ಅರ್ಧ ಕ್ಲಚ್ ಬಿಟ್ಟ್, ಸ್ವರ ಇಳಿದದ್ ಕೇಂಡ್, ಬ್ರೇಕ್ ಬಿಟ್ರೆ ಕಾರ್ ಹೋತಿಲ್ಲ. ಅದ್ರ ವಾಲ್ವ್ ಇನ್ನೂ ಹಿಡ್ಕಂಡಿತ್ತ್. ಕ್ಲಚ್ ಸಾಲ್ಲಿಲ್ಲ ಅಂತ ಇನ್ನೂ ಬಿಟ್ರೆ ಎಂಜಿನ್ ಉಸಿರು ಕಟ್ಟಿ ಆಫ್. ಎಕ್ಸಲೇಟರ್ ಜಾಸ್ತಿ ಕೊಟ್ರೆ, ವಾಲ್ವ್ ಬಿಟ್ಟ ಗಳಿಗೆಗೆ ಕಾರ್ ಕಪ್ಪೆ ಹಾಂಗೆ ಮುಂದೆ ಹಾರತ್ತ್. ಬಾವಿಯಿಂದ ಕೊಡಪಾನ ಎಳೆವವ್ರಿಗೆ ಇದ್ ಗೊತ್ತಾತ್ತ್. ಹಗ್ಗದ ಭಾರ ನಮ್ಮ ಕೈಗೆ ಗೊತ್ತಿರ್ತ್. ಹಿಂದಿಂದ ಯಾರೋ ಬಂದ್ ಹೇಳದೆ ಕೇಳದೆ ಹಗ್ಗ ಹಿಡ್ದ್, ಮತ್ತೆ ಹೇಳದೆ ಕೇಳದೆ ಬಿಟ್ರೆ? ಕೊಡಪಾನ ರಾಟೆಗೆ ಬಡಿದೀತು, ಇಲ್ಲ ನಾವೇ ಬಾವಿಗೆ ಬಿದ್ದೇವು. ಹಿಡಿವವ್ರ್ ಒಳ್ಳೆ ಮನಸ್ಸಿಂದಲೇ ಹಿಡ್ದದ್ದ್ ಇರ್ಲಿ. ಹೇಳಿ ಹಿಡಿರಿ, ಹೇಳಿ ಬಿಡಿ.

ಮತ್ತೆ ಇದ್ ಎಲ್ಲಾ ಕಡೆ ಹಿಡಿತ್ತಾ ಅಂದ್ರೆ, ಅದೂ ಇಲ್ಲ. ನಮ್ಮನೆ ದಾರಿಯ ಮೇಲಿನ ಅರ್ಧದಲ್ಲಿ ಹಿಡಿತ್ತ್, ಕೆಳಗಿನ ಅರ್ಧದಲ್ಲಿ ಹಿಡಿತಿಲ್ಲ, ಅಲ್ಲಿ ಏರು ಅದ್ರ ಲೆಕ್ಕಕ್ಕೆ ಸಾಲ್ದಂಬ್ರ್. ಇಳಿಜಾರಿಗೆ ಮೂತಿ ಮಾಡಿ ನಿಲ್ಸಿ ರಿವರ್ಸ್ ತೆಗೆವಾಗ ಮತ್ತೆ ಹಿಡಿತ್ತ್. ಯಾವಾಗ ಇತ್ತ್, ಯಾವಾಗ ಇಲ್ಲ ಅಂತ ಹೇಳುವ ಒಂದ್ ದೀಪವೂ ನಮ್ಮ ಕಾರಲ್ಲಿ ಇಲ್ಲ. ಅದೊಂದನ್ನೇ ಆಫ್ ಮಾಡುವ ಗುಂಡಿಯೂ ಇಲ್ಲ.

"ಹಾಂಗಾರೆ ಆಟೋಮ್ಯಾಟಿಕ್ ತಕೊ" ಅಂದ ಮಗ. ಹೌದು, ಆ ಕಾರಿಗೆ ಇದ್ ಸರಿ ಹೊಂದತ್ತ್. ಅಲ್ಲಿ ಕ್ಲಚ್ಚೇ ಇಲ್ಲ. ಒಂದ್ ಕಾಲನ್ನ ಬ್ರೇಕಿಂದ ಎಕ್ಸಲೇಟರಿಗೆ ತಪ್ಪುಕೆ ಎರಡ್ ಸೆಕೆಂಡ್ ಧಾರಾಳ. ಆದ್ರೆ ಅಲ್ಲಿಯ ಉಪಾಯವನ್ನ ತಂದ್ ಎರಡ್ ಕಾಲು, ಒಂದ್ ಕೈ, ಒಂದ್ ಕಿವಿ ಬೇಕಾದ ಗೇರಿನ ಕಾರಿಗೆ ಹಾಗೇ ಹೊಲಿದ್ರೆ ಹ್ಯಾಂಗೆ?

ಗೇರಿನ ಕಾರಿಗೆ ಹೊಂದುವ ಉಪಾಯ ಗೊತ್ತಿಲ್ದೇ ಇಪ್ಪುದಲ್ಲ. 1936ರಲ್ಲೇ ಅಮೆರಿಕದ ಸ್ಟುಡೆಬೇಕರ್ ಕಂಪೆನಿ ತನ್ನ ಪ್ರೆಸಿಡೆಂಟ್ ಅನ್ನುವ ಕಾರಿಗೆ ‘ಹಿಲ್ ಹೋಲ್ಡರ್’ ಕೊಟ್ಟಿತ್. ಅದ್ರಲ್ಲಿ ಕಂಪ್ಯೂಟರ್ ಇಲ್ಲ, ಸೆಕೆಂಡಿನ ಲೆಕ್ಕ ಇಲ್ಲ. ಏರಲ್ಲಿ ಬ್ರೇಕ್ ಒತ್ತಿ ನಿಲ್ಸಿದ ಮೇಲೆ, ಕ್ಲಚ್ ಎಷ್ಟ್ ಹೊತ್ತು ಒತ್ತಿ ಹಿಡಿತ್ರೋ ಅಷ್ಟ್ ಹೊತ್ತು ಬ್ರೇಕ್ ಹಿಡ್ಕಂಡಿರ್ತಿತ್. ಕ್ಲಚ್ ಬಿಟ್ಟ ಹಾಂಗೆ ಬ್ರೇಕೂ ಬಿಡ್ತಿತ್. ಅಂದ್ರೆ ಯಾವಾಗ ಬಿಡ್ಕ್ ಅನ್ನುದ್ ಓಡಿಸುವವ್ರ ಕಾಲಿನ ಮಾತು. ನಮ್ಮ ಅಜ್ಜನ ಕಾಲದ ಯಂತ್ರ ಕಾಲಿನ ಮಾತ್ ಕೇಂತಿತ್, ಈಗಿನದ್ ಗಡಿಯಾರದ ಮಾತ್ ಕೇಂತ್. ಇದಕ್ಕೆ ಮುಂದುವರಿದದ್ ಅಂತ ಹೆಸ್ರು.

ಉಪಕಾರ ಇಲ್ಲವೇ ಇಲ್ಲ ಅಂತ ನಾನ್ ಹೇಳುದಿಲ್ಲ. ಆಗುಂಬೆಯ ಹದಿನಾಲ್ಕು ತಿರುವಿನಲ್ಲಿ ಒಂದ್ಕಡೆ ಮೇಲಿಂದ ಬಸ್ಸ್ ಬಂದ್, ತಿರುವಿನ ನಡು ನಿಲ್ಸುಕಾಯ್ತ್. ಹಿಂದೆ ಜೀಪ್ ಅಂಟಿಕೊಂಡಿತ್. ಆಗ ಆ ಎರಡ್ ಸೆಕೆಂಡ್ ನಂಗೂ ಉಪಕಾರ ಮಾಡಿತ್. ಮೊಣಕಾಲ್ ನೋವಿಪ್ಪವ್ರಿಗೆ, ಈಗಷ್ಟೇ ಲೈಸೆನ್ಸ್ ತೆಗ್ದ ಮಕ್ಳಿಗೆ ಇದ್ ಒಳ್ಳೇದೇ. ನನ್ನ ಜಗಳ ಯಂತ್ರದ ಮೇಲಲ್ಲ. ‘ಅದೇ ಹಿಡ್ಕಂತ್’ ಅಂತ ಅರ್ಧ ಮಾತ್ ಹೇಳಿ ಕಾರ್ ಮಾರುವವ್ರ ಮೇಲೆ. ಪೂರ್ತಿ ಮಾತ್ ಆ ಪುಸ್ತಕದಲ್ಲಿ ಇತ್ತ್: ಇದನ್ನೇ ನಂಬ್ಕಂಡ್ ಏರಲ್ಲಿ ನಿಲ್ಲಬೇಡಿ, ಕಾಲು ಬ್ರೇಕಿನ ಹತ್ರವೇ ಇರ್ಲಿ ಅಂತ. ಅದನ್ನ ಇಂಗ್ಲಿಷಲ್ಲಿ, ಸಣ್ಣ ಅಕ್ಷರದಲ್ಲಿ, ನಡು ಪುಟದಲ್ಲಿ ಹುಗ್ಸಿ ಇಟ್ರೆ ಹೇಳಿದ ಹಾಂಗಾಯ್ತಾ?

ಇನ್ನೊಂದ್ ಹೆದರಿಕೆ ಇತ್ತ್ ನಂಗೆ. 1989ರ ಕೇಂದ್ರ ಮೋಟಾರು ವಾಹನ ನಿಯಮದ 15ನೇ ನಿಯಮ ಕಾಣಿ. ಲೈಸೆನ್ಸಿನ ಪರೀಕ್ಷೆಯಲ್ಲಿ ಕಡಿದಾದ ಏರಲ್ಲಿ ನಿಲ್ಸಿ, ಹ್ಯಾಂಡ್ ಬ್ರೇಕ್ ಸರಿಯಾಗಿ ಬಳ್ಸಿ, ಹಿಂದೆ ಜಾರದೆ ಹೊರಡುಕೆ ಬರ್ಕ್ ಅಂತ ಬರ್ದಿತ್ತ್. ಕಾರೇ ಹಿಡ್ಕಂಬುದಾದ್ರೆ ಮಕ್ಳ್ ಈ ವಿದ್ಯೆ ಕಲಿತ್ರಾ? ನಮ್ಮನೆ ಮಗಳು ಹೊಸ ಕಾರಲ್ಲೇ ಅಭ್ಯಾಸ ಮಾಡ್ದಳು. ಹಬ್ಬಕ್ಕೆ ಬಂದಾಗ ಚಿಕ್ಕಮ್ಮನ ಹಳೇ ಕಾರ್ ತಕಂಡ್ ಹೋಗಿ, ಅವರ ಮನೆ ಏರಲ್ಲಿ ಹಿಂದೆ ಜಾರಿ, ತೆಂಗಿನಮರಕ್ಕೆ ಬಂಪರ್ ತಾಗ್ಸಿ ಬಂದಳು. "ಅಮ್ಮ, ಅದ್ ಹಿಡಿಲೇ ಇಲ್ಲ" ಅಂದಳು. ಅವಳ ತಪ್ಪಾ? ಹಿಡಿಯುದ್ ಕಾರಿನ ಕೆಲ್ಸ ಅಂತ ಕಲ್ಸಿದವ್ರ್ ನಾವೇ.

ನಾನ್ ಕೇಂಬುದ್ ಹೆಚ್ಚೆಂತದೂ ಅಲ್ಲ. ಹಿಡ್ದಾಗ ಒಂದ್ ದೀಪ ಹತ್ಲಿ, ಬಿಡುವ ಮೊದ್ಲು ಒಂದ್ ಸದ್ದ್ ಮಾಡ್ಲಿ. ಬ್ಯಾಡ ಅಂಬವ್ರಿಗೆ ಆಫ್ ಮಾಡುಕೆ ಗುಂಡಿ ಇರ್ಲಿ. ಹಾಡು ಹಾಕುಕೆ ಹತ್ತ್ ಗುಂಡಿ ಕೊಡುವವ್ರಿಗೆ ಜೀವ ಉಳ್ಸುಕೆ ಒಂದ್ ಕೊಡುದ್ ಕಷ್ಟವಾ? ಶೋರೂಮಿನವ್ರ್ ಕೀ ಕೊಡುವ ಮೊದ್ಲು ಒಂದ್ ಏರಿಗೆ ಕರ್ಕಂಡ್ ಹೋಗಿ ತೋರ್ಸ್ಲಿ. ನಮ್ಮ ತಾಲೂಕಲ್ಲಿ ಏರಿಗೆ ಬರಗಾಲ ಇಲ್ಲ. ಮತ್ತೆ ಗಂಡಸ್ರ್ ‘ಹೆಂಗ್ಸ್ರ್ ಕಾರ್ ಬಿಟ್ರೆ ಹೀಂಗೇ’ ಅಂಬುದನ್ನ ಬಿಡ್ಲಿ. ನಮ್ಮನೆ ಇವ್ರೂ ಆ ವಾರವೇ ಅದೇ ಕಾಂಕ್ರೀಟ್ ಏರಲ್ಲಿ ಎರಡ್ ಸಲ ಎಂಜಿನ್ ಆಫ್ ಮಾಡ್ಕಂಡ್ ಕೂತಿದ್ರ್. ಅದ್ ಕೇರಿಗೆ ಗೊತ್ತಾಯ್ಲಿಲ್ಲ.

ನೀವು ಹೊಸ ಗೇರಿನ ಕಾರ್ ತೆಗ್ದಿದ್ರೆ, ಹಿಂದೆ ಯಾರೂ ಇಲ್ದ ಒಂದ್ ಏರಿಗೆ ಇವತ್ತೇ ಹೋಯ್ನಿ. ಬ್ರೇಕ್ ಒತ್ತಿ ನಿಲ್ಸಿ, ಕಾಲ್ ತೆಗ್ದ್, ಮನಸ್ಸಲ್ಲೇ ಎಣ್ಸಿ. ಎಷ್ಟಕ್ಕೆ ಕೈ ಬಿಡತ್ತ್ ಅಂತ ನಿಮ್ಗೇ ಗೊತ್ತಾತ್ತ್. ಮನೆಯಲ್ಲಿ ಕಾರ್ ಬಿಡುವವ್ರಿಗೆಲ್ಲ ಅದನ್ನ ತೋರ್ಸಿ.

ಮಾವಯ್ಯನಿಗೆ ಕುಂದಾಪುರದಿಂದ ಬೆತ್ತದ ಕೋಲು ತಂದ್ ಕೊಟ್ಟೆ. ಗೇಟ್ ಹಾಕುದ್ ಬಿಡ್ಲಿಲ್ಲ ಅವ್ರ್. ಆದ್ರೆ ಈಗ ಹಲಸಿನ ಮರದ ಬದಿಗೆ ನಿಂತ್ಕಂತ್ರ್. ನಾನ್ ಏರಿನ ತುದಿಯಲ್ಲಿ ಹ್ಯಾಂಡ್ ಬ್ರೇಕ್ ‘ಕರ್ರ್’ ಅಂತ ಎಳ್ದ ಮೇಲೆ ಕಾರ್ ದಾಟಿ ಹೋಪತನಕ ಅಲ್ಲಿಂದ ಹೊರಗೆ ಬತ್ತಿಲ್ಲ. ಆ ಸದ್ದ್ ಕೇಂಡ್ರೆ ಅವ್ರಿಗೆ ಸಮಾಧಾನ ಅಂಬ್ರ್.