ವ್ಯವಹಾರ ವಿಚಾರ: ದನಿ ಕಾಯುವ ಪೆಟ್ಟಿಗೆಗೆ ತಕ್ಕ ಬೆಲೆ

ಕಾಸರಗೋಡಿನ ಅಡಿಕೆ ವರ್ತಕ ಮಿತ್ರರೋರ್ವರು ಕಳೆದ ತಿಂಗಳು ಎರಡು ದರಪಟ್ಟಿಗಳನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಅವರ ಅಂಗಡಿಯ ಇಂಟರ್‌ಕಾಮ್ ಯಂತ್ರಕ್ಕೆ ಜೋಡಿಸಿದ್ದ ವಾಯ್ಸ್‌ಮೇಲ್ ಪೆಟ್ಟಿಗೆಯು ಹದಿನೈದು ವರ್ಷಗಳ ಸೇವೆಯ ತರುವಾಯ ಮೌನವ್ರತವನ್ನು ಕೈಗೊಂಡಿತ್ತು. ಅಂಗಡಿ ಮುಚ್ಚಿದ ಬಳಿಕ ಬಂದ ಕರೆಗಳನ್ನು ಎತ್ತಿಕೊಂಡು, ಕರೆದವರ ಮಾತನ್ನು ಹಿಡಿದಿಟ್ಟು, ಮರುದಿನ ಒಪ್ಪಿಸುವುದು ಅದರ ಕೆಲಸ. ಅದು ಕೆಟ್ಟ ಸಂಗತಿ ತಿಳಿದ ಬಗೆಯೇ ದುಃಖಕರವಾದುದು. ಬದಿಯಡ್ಕದ ಕಡೆಯ ವೃದ್ಧ ಕೃಷಿಕರೋರ್ವರು ರಾತ್ರಿ ಕರೆದು, ನಾಳೆ ಮಾಲು ತರುವೆನೆಂದು ನುಡಿದಿಟ್ಟಿದ್ದರು. ಬೆಳಗ್ಗೆ ಬಂದು ನೋಡಿದರೆ ತೂಗುವವರಿಲ್ಲ, ಹಣವೂ ಸಿದ್ಧವಿಲ್ಲ. ಹನ್ನೊಂದು ಗಂಟೆಯವರೆಗೆ ಕಾದು, ಒಂದೂ ಮಾತನಾಡದೆ, ಚೀಲಗಳನ್ನು ಎದುರು ಅಂಗಡಿಗೆ ಹೊರಿಸಿಕೊಂಡು ಹೋದರಂತೆ. ಮೂವತ್ತು ವರ್ಷಗಳ ಸಂಬಂಧ!

ವಾಟ್ಸಾಪ್ ಇರುವ ಈ ಕಾಲದಲ್ಲಿ ಇದೆಲ್ಲ ಏಕೆಂದು ಕಿರಿಯ ವಾಚಕರು ಕೇಳಿಯಾರು. ಬೆರಳಿನಿಂದ ಬರೆಯುವುದಕ್ಕಿಂತ ಬಾಯಿಂದ ಹೇಳುವುದೇ ಹಿತವೆನ್ನುವ ಹಿರಿಯರು ನಮ್ಮ ತೋಟಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಅಡಿಕೆಯೂ ಇದೆ.

ಮಿತ್ರರು ತಂದಿದ್ದ ಮೊದಲನೆಯ ದರಪಟ್ಟಿಯಲ್ಲಿ ಯಂತ್ರಕ್ಕೆ 1,20,000 ರೂಪಾಯಿ, ಎರಡನೆಯ ವರ್ಷದಿಂದ ವಾರ್ಷಿಕ ನಿರ್ವಹಣೆಗೆ 18,000. ಎರಡನೆಯದರಲ್ಲಿ ಯಂತ್ರಕ್ಕೆ 80,000 ಮಾತ್ರ. "ನಲವತ್ತು ಸಾವಿರದ ಉಳಿತಾಯ ಕಣ್ಣೆದುರಿಗೇ ಇದೆಯಲ್ಲ, ಇನ್ನೇನು ನೋಡುವುದು?" ಎಂಬುದು ಅವರ ಪ್ರಶ್ನೆ. ನಾವು ಕನ್ನಡಕ ಏರಿಸಿಕೊಂಡೆವು.

ಎರಡನೆಯ ಪಟ್ಟಿಯ ಕೆಳಗಡೆ, ಸಣ್ಣ ಅಕ್ಷರಗಳಲ್ಲಿ, ಪ್ರತಿ ಇಂಟರ್‌ಕಾಮ್ ಫೋನಿಗೆ ತಿಂಗಳಿಗೆ 200 ರೂಪಾಯಿ ಲೈಸೆನ್ಸ್ ಶುಲ್ಕವೆಂದು ಬರೆದಿತ್ತು. ಅಂಗಡಿ, ಗೋದಾಮು, ಮನೆ ಸೇರಿ ಫೋನುಗಳು ಹನ್ನೆರಡು. ವರ್ಷಕ್ಕೆ 28,800, ಐದು ವರ್ಷಕ್ಕೆ 1,44,000. ಮೂಲ ಬೆಲೆಯನ್ನು ಕೂಡಿಸಿದರೆ 2,24,000. ದುಬಾರಿಯೆನಿಸಿದ ಮೊದಲನೆಯದು ಐದು ವರ್ಷಕ್ಕೆ ನಾಲ್ಕು ನಿರ್ವಹಣಾ ಕಂತುಗಳು ಸೇರಿ 1,92,000. ಕಣ್ಣೆದುರಿನ ಉಳಿತಾಯವು ಹೀಗೆ 32,000ದ ನಷ್ಟವಾಗಿ ಪರಿಣಮಿಸಿತು.

ಹಾಗೆಂದು ಮೊದಲನೆಯ ಬೆಲೆ ನ್ಯಾಯವಾದುದೆನ್ನುವಂತಿಲ್ಲ. ಎರಡು ಅನ್ಯಾಯಗಳಲ್ಲಿ ಚಿಕ್ಕದು ನ್ಯಾಯವಾದೀತೆ? ಅದರಲ್ಲಿ "200 ಗಂಟೆಗಳ ಸಂಗ್ರಹ" ಎಂಬುದಕ್ಕೆ ಪ್ರತ್ಯೇಕ ಬೆಲೆ ಹಾಕಿದ್ದರು. ಇದು ಹಳೆಯ ಕಾಲದ ಲೆಕ್ಕ. ಅಮೆರಿಕದ ಗಾರ್ಡನ್ ಮ್ಯಾಥ್ಯೂಸ್ ಎಂಬವರಿಗೆ 1983ರಲ್ಲಿ ವಾಯ್ಸ್‌ಮೇಲ್ ವ್ಯವಸ್ಥೆಯ ಪೇಟೆಂಟ್ ದೊರೆತಾಗ ಕಂಪ್ಯೂಟರಿನ ಹಾರ್ಡ್ ಡಿಸ್ಕು ಬಹಳ ತುಟ್ಟಿಯ ಪದಾರ್ಥ. ಗಂಟೆಯ ಲೆಕ್ಕದಲ್ಲಿ ಮಾರುವುದಕ್ಕೆ ಆಗ ಅರ್ಥವಿತ್ತು. ಟೆಲಿಫೋನಿನ ದನಿಯನ್ನು ಸೆಕೆಂಡಿಗೆ 8,000 ಬೈಟುಗಳಂತೆ ಬರೆದಿಡುವುದು ವಾಡಿಕೆ. ಗಂಟೆಗೆ 28.8 ಮೆಗಾಬೈಟ್, 200 ಗಂಟೆಗೆ ಆರು ಗಿಗಾಬೈಟಿಗೂ ಕಡಿಮೆ. ಮೊಮ್ಮಕ್ಕಳ ಮೊಬೈಲಿನಲ್ಲಿರುವ ಹೆಬ್ಬೆರಳುಗುರಿನಷ್ಟು ಚೀಟಿಯಲ್ಲಿ ಇದರ ಐದು ಪಾಲು ಹಿಡಿಸುತ್ತದೆ. ಈ ಬಾಬ್ತಿಗೆ ಕಾಸು ಕೊಡಬೇಕಾಗಿಲ್ಲ.

ಇನ್ನೊಂದು ಬಾಬ್ತು ಹದಿನಾರು ಚಾನೆಲುಗಳು; ಅರ್ಥಾತ್ ಏಕಕಾಲಕ್ಕೆ ಹದಿನಾರು ಮಂದಿ ಮಾತು ನುಡಿದಿಡಬಹುದು. ಅಷ್ಟು ಮಂದಿ ಯಾರು? ಒಂದು ವಾರ ಪುಸ್ತಕದಲ್ಲಿ ಗುರುತು ಹಾಕಿಡಿರೆಂದು ಮಿತ್ರರನ್ನು ಕಳುಹಿದೆವು. ಬಿರುಸಾದ ಗಂಟೆಯಲ್ಲಿಯೂ ಕರೆಗಳು ಮೂವತ್ತು, ಒಂದೊಂದೂ ಸುಮಾರು ಎರಡು ನಿಮಿಷ. ಗಂಟೆಯೊಳಗೆ ಅರುವತ್ತು ನಿಮಿಷಗಳ ಮಾತು. ಇಂಥ ಹೊರೆಗೆ ಎಷ್ಟು ಚಾನೆಲುಗಳು ಬೇಕೆಂಬುದನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲಿಯೇ ಸೂತ್ರವಾಗಿ ಕೊಟ್ಟಿದ್ದಾರೆ. ಆ ಪ್ರಕಾರ ಮೂರು ಚಾನೆಲುಗಳಿದ್ದರೆ ನೂರರಲ್ಲಿ ಸುಮಾರು ಆರು ಕರೆಗಳಿಗೆ ಎಂಗೇಜ್ ಸದ್ದು ಕೇಳಿಸೀತು. ನಾಲ್ಕಿದ್ದರೆ ಎರಡಕ್ಕಿಂತಲೂ ಕಡಿಮೆ. ನಾಲ್ಕು ಸಾಕು. ಈ ಲೆಕ್ಕವನ್ನು ಮುಂದಿರಿಸಿದಾಗ ಮಾರಾಟಗಾರರು ವಾದಿಸದೆ ಹೊಸ ಪಟ್ಟಿ ಬರೆದುಕೊಟ್ಟರು: 92,000.

ತೆರಿಗೆಯ ಬಗೆಗೆ ಗಡಿನಾಡಿನವರಾದ ನಮ್ಮಲ್ಲಿ ಒಂದು ಭ್ರಮೆಯಿದೆ. ಮಂಗಳೂರಿನಿಂದ ತರಿಸಿದರೆ ಅಗ್ಗವೆನ್ನುವವರುಂಟು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಮಾತು ಉಳಿದಿಲ್ಲ. ಕೇರಳದೊಳಗೆ ಕೊಂಡರೆ ಒಂಬತ್ತು ಮತ್ತು ಒಂಬತ್ತು, ಆಚೆಯಿಂದ ತರಿಸಿದರೆ ಒಟ್ಟಾಗಿ ಹದಿನೆಂಟು. ನೋಂದಾಯಿತ ವರ್ತಕರು ಸರಿಯಾದ ಬಿಲ್ಲು ಪಡೆದರೆ ಆ ಮೊತ್ತವನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಬಿಲ್ಲಿಲ್ಲದೆ ಕೊಡುವೆನೆನ್ನುವವನ ಅಗ್ಗದ ಬೆಲೆಯನ್ನು ಇದರೊಡನೆ ತೂಗಿ ನೋಡಿದರೆ ಅದರ ಬಣ್ಣ ಬಯಲಾಗುತ್ತದೆ.

ಇಷ್ಟಾದ ಮೇಲೆ ಮಿತ್ರರಿಗೆ ಹುರುಪು ಬಂದು, ನಿರ್ವಹಣೆಯ 18,000ವನ್ನೂ ಅರ್ಧಕ್ಕಿಳಿಸುವೆನೆಂದು ಎದ್ದರು. ಅಲ್ಲಿ ನಾವು ಅವರನ್ನು ತಡೆದೆವು. ಆಟಿಯ ಮಳೆಯಲ್ಲಿ ಸಿಡಿಲು ಬಡಿದು ಯಂತ್ರ ಕೆಟ್ಟರೆ, ಮಂಗಳೂರಿನಿಂದ ಸುಮಾರು ಐವತ್ತು ಕಿಲೋಮೀಟರು ಬಂದು ರಿಪೇರಿ ಮಾಡುವ ಹುಡುಗನ ಕೂಲಿ ಅದರಲ್ಲಿದೆ. ಅದನ್ನು ಕಿತ್ತುಕೊಂಡರೆ ಆತ ಬರುವುದು ತಡವಾಗುತ್ತದೆ, ಇನ್ನೊಬ್ಬ ಬೆಳೆಗಾರರು ಎದುರು ಅಂಗಡಿಗೆ ಹೋಗುತ್ತಾರೆ. ದರವನ್ನು ಇಳಿಸುವ ಬದಲು, ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಬರಬೇಕೆಂಬುದನ್ನು ಕರಾರಿನಲ್ಲಿ ಬರೆಯಿಸಿರೆಂದೆವು. ಇಪ್ಪತ್ತನಾಲ್ಕು ಗಂಟೆಯೆಂದು ಬರೆಯಿಸಿದರು.

ಕೊನೆಗುಳಿದದ್ದು ಸ್ವಾಗತದ ನುಡಿ. ಇಂಗ್ಲಿಷ್ ಮತ್ತು ಮಲೆಯಾಳ ಉಚಿತ, ಕನ್ನಡಕ್ಕೆ 6,000, ತುಳುವಿಗೆ ಮತ್ತೊಂದು 6,000 ಎಂದಿತ್ತು. ಯಂತ್ರಕ್ಕೆ ಭಾಷೆ ತಿಳಿಯದು. ಧ್ವನಿಮುದ್ರಿಸಿದ ಯಾವುದೇ ಮಾತನ್ನೂ ಅದು ನುಡಿಯುತ್ತದೆ. ಮಿತ್ರರ ಲೆಕ್ಕಪತ್ರ ನೋಡುವ ಹೆಣ್ಣುಮಗಳು ಮೊಬೈಲಿನಲ್ಲಿ ಎರಡನ್ನೂ ಹೇಳಿ ಕೊಟ್ಟಳು. ಮೊನ್ನೆ ರಾತ್ರಿ ನಾವೇ ಕರೆದು ಕೇಳಿದೆವು. "ನಮಸ್ಕಾರ, ಅಂಗಡಿ ಮುಚ್ಚಿದೆ, ನಿಮ್ಮ ಮಾತು ಹೇಳಿ" ಎಂದಿತು; ಹಿಂದುಗಡೆ ಎಲ್ಲೋ ಒಂದು ಕೋಳಿ ಕೂಗಿದ್ದೂ ಕೇಳಿಸಿತು. ಬದಿಯಡ್ಕದ ಹಿರಿಯರಿಗೆ ಮಿತ್ರರು ಖುದ್ದು ಹೋಗಿ ಹೊಸ ಯಂತ್ರದ ಸುದ್ದಿ ತಿಳಿಸಿ ಬಂದಿದ್ದಾರೆ. ಅವರು ಕರೆ ಇನ್ನೂ ಮಾಡಿಲ್ಲ.