ರಕ್ತ ಕೊಟ್ಟವರು ನಾವು, ರಿಪೋರ್ಟ್ ಎಲ್ಲಿ ಹೋಯ್ತು?

ಬೆಂಗಳೂರಿನ ಜಯನಗರದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ನಮ್ಮೂರಿನ ಯಾರದೋ ಮಗಳು ನರ್ಸಿಂಗ್ ಪಾಸಾದಾಗ, ಯಾರದೋ ಮಗ ಎಂಬಿಬಿಎಸ್ ಪರೀಕ್ಷೆ ಬರೆದಾಗ ಅದರ ಹೆಸರು ಕೇಳಿರುತ್ತೇವೆ. ಅದು ಬಿಟ್ಟರೆ ಆ ವಿಶ್ವವಿದ್ಯಾಲಯಕ್ಕೂ ಹೊಲ ಉಳುವವರಿಗೂ ಏನು ಸಂಬಂಧ ಅಂತ ಕೇಳಿದರೆ, ಏನೂ ಇಲ್ಲ ಅನ್ನುವವರೇ ಹೆಚ್ಚು.

ಸಂಬಂಧ ಇದೆ. ನಾವು ಅದಕ್ಕೆ ಕೊಡುತ್ತಲೇ ಬಂದಿದ್ದೇವೆ.

ಮೊದಲು ಅದು ಏನು ಮಾಡುತ್ತದೆ ಅಂತ ತಿಳಿಯೋಣ. 1994ರ ಕಾಯ್ದೆಯಂತೆ ಹುಟ್ಟಿ, 1996ರ ಜೂನ್ 1ರಿಂದ ಕೆಲಸ ಶುರು ಮಾಡಿದ ಸಂಸ್ಥೆ ಇದು. ಅದಕ್ಕೂ ಮುಂಚೆ ರಾಜ್ಯದ ಮೆಡಿಕಲ್ ಕಾಲೇಜುಗಳು ಮೈಸೂರು, ಕರ್ನಾಟಕ, ಗುಲ್ಬರ್ಗ ಹೀಗೆ ಆಯಾ ಭಾಗದ ವಿಶ್ವವಿದ್ಯಾಲಯಗಳ ಕೆಳಗೆ ಹಂಚಿಹೋಗಿದ್ದವು. ಈಗ ಮೆಡಿಕಲ್, ಡೆಂಟಲ್, ನರ್ಸಿಂಗ್, ಫಾರ್ಮಸಿ, ಆಯುರ್ವೇದ, ಹೋಮಿಯೋಪತಿ, ಯುನಾನಿ, ಫಿಸಿಯೋಥೆರಪಿ ಎಲ್ಲದರ ಪಠ್ಯ, ಪರೀಕ್ಷೆ, ಪದವಿ ಒಂದೇ ಸೂರಿನಡಿ. ಡೀಮ್ಡ್ ವಿಶ್ವವಿದ್ಯಾಲಯ ಆಗಿರುವ ಕೆಲವು ದೊಡ್ಡ ಸಂಸ್ಥೆಗಳಂಥವು ಇದರ ಹೊರಗಿವೆ.

ಈಗ ನಮ್ಮ ವಿಷಯಕ್ಕೆ ಬರೋಣ. ಎಂಬಿಬಿಎಸ್ ಮುಗಿಸಿ ಎಂಡಿ, ಎಂಎಸ್ ಓದುವ ಪ್ರತಿಯೊಬ್ಬ ಪಿ.ಜಿ. ಡಾಕ್ಟರೂ ಒಂದು ಸಂಶೋಧನಾ ಪ್ರಬಂಧ ಬರೆಯಲೇಬೇಕು. ಎಂಎಸ್ಸಿ ನರ್ಸಿಂಗ್‌ನವರೂ ಅಷ್ಟೇ. ಥೀಸಿಸ್ ಅನ್ನುತ್ತಾರೆ. ಏನು ಅಧ್ಯಯನ ಮಾಡುತ್ತೇನೆ ಅಂತ ಮೊದಲೇ ವಿಶ್ವವಿದ್ಯಾಲಯಕ್ಕೆ ಬರೆದು ಕಳಿಸಬೇಕು, ಕೊನೆಯ ಪರೀಕ್ಷೆಗೆ ಮುಂಚೆ ಪ್ರಬಂಧ ಒಪ್ಪಿಸಬೇಕು. ಅದಕ್ಕೆ ಬೇಕಾದ ಮಾಹಿತಿ ಎಲ್ಲಿಂದ ಬರಬೇಕು? ಆಸ್ಪತ್ರೆ ವಾರ್ಡಿನಿಂದ. ಸಮುದಾಯ ವೈದ್ಯಶಾಸ್ತ್ರದವರಾದರೆ ನೇರವಾಗಿ ಹಳ್ಳಿಗಳಿಂದ.

ಹಾಗೆ ಬಂದವರನ್ನು ನೀವು ನೋಡಿರುತ್ತೀರಿ. ಜೊತೆಗೆ ಆಶಾ ಅಕ್ಕ ಇರುತ್ತಾಳೆ. ಮನೆಯಲ್ಲಿ ಎಷ್ಟು ಜನ, ಶೌಚಾಲಯ ಇದೆಯಾ, ಬಿ.ಪಿ. ಇದೆಯಾ, ಹೆರಿಗೆ ಎಲ್ಲಾಯಿತು, ಎಷ್ಟು ಮಕ್ಕಳು ತೀರಿಕೊಂಡವು. ಅಪರಿಚಿತರ ಮುಂದೆ ಹೇಳಬಾರದ್ದನ್ನೂ ನಮ್ಮ ಹೆಂಗಸರು ಬಾಗಿಲಲ್ಲಿ ನಿಂತು ಹೇಳುತ್ತಾರೆ. ಡಾಕ್ಟರ್ ಅಲ್ಲವಾ ಅನ್ನುವ ನಂಬಿಕೆ. ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದುಕೊಂಡು, ಹಾಳೆ ಮಡಚಿಕೊಂಡು, ವ್ಯಾನ್ ಹತ್ತಿ ಹೋಗುತ್ತಾರೆ.

ಆಮೇಲೆ? ನಮ್ಮ ಗುಂಪಿನ ಕೆಲವರ ಊರುಗಳಲ್ಲಿ ಒಂದೇ ಕಾಲೇಜಿನಿಂದ ಬೇರೆ ಬೇರೆ ವರ್ಷ ಬೇರೆ ಬೇರೆ ತಂಡಗಳು ಬಂದು ಹೋಗಿವೆ. ಊರಿನಲ್ಲಿ ಎಷ್ಟು ಹೆಂಗಸರಿಗೆ ರಕ್ತಹೀನತೆ ಇದೆ ಅಂತ ಆ ಕಾಲೇಜಿಗೆ ಗೊತ್ತು. ಪಂಚಾಯ್ತಿಗೆ ಗೊತ್ತಿಲ್ಲ, ಆಶಾ ಅಕ್ಕನಿಗೂ ಗೊತ್ತಿಲ್ಲ. ರಕ್ತ ಕೊಟ್ಟವಳಿಗಂತೂ ಇಲ್ಲವೇ ಇಲ್ಲ.

ಇದು ಹಳೇ ಕಾಯಿಲೆ. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಕೇಳಿದ್ದೀರಾ? 1970ರ ದಶಕದಲ್ಲಿ ಅಲ್ಲಿ ಕೀಲು ಸವೆದು ನಡೆಯಲಾಗದಂತೆ ಮಾಡುವ ಕಾಯಿಲೆ ಬೆಳಕಿಗೆ ಬಂತು. ಅನುಭವಿಸಿದವರು ಬಹುತೇಕ ಬಡ ದಲಿತ ಕೂಲಿಕಾರರು. ಆಗ ಈ ವಿಶ್ವವಿದ್ಯಾಲಯ ಹುಟ್ಟಿಯೇ ಇರಲಿಲ್ಲ, ಹಾಗಾಗಿ ದೂರು ಇದರ ಮೇಲಲ್ಲ. ತಂಡದ ಮೇಲೆ ತಂಡ ಬಂದು ರಕ್ತ, ಎಕ್ಸ್-ರೇ ತೆಗೆದುಕೊಂಡು ಹೋದವು. ಕಾಯಿಲೆಗೆ ಊರಿನ ಹೆಸರು ಬಿತ್ತು, ಪುಸ್ತಕಗಳಲ್ಲಿ ಅಚ್ಚಾಯಿತು. ಸೊರಬದ ಕ್ಯಾಸನೂರು ಕಾಡಿನ ಹೆಸರೂ 1957ರಿಂದ ಮಂಗನ ಕಾಯಿಲೆಯ ಜೊತೆ ಹೀಗೇ ಲೋಕ ಸುತ್ತುತ್ತಿದೆ. ನಮ್ಮ ಊರುಗಳು ಪ್ರಪಂಚಕ್ಕೆ ಗೊತ್ತಾಗುವುದು ಇಂಥದ್ದಕ್ಕೇ ನೋಡಿ.

ನಾವು ಕೇಳುವುದು ದೊಡ್ಡದೇನಲ್ಲ. ಹಳ್ಳಿಯಿಂದ ಮಾಹಿತಿ ತೆಗೆದುಕೊಂಡ ಪ್ರತಿ ಥೀಸಿಸ್‌ಗೂ ಒಂದು ಪುಟದ ಕನ್ನಡ ಸಾರಾಂಶ ಇರಲಿ. ಅದು ಆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಅಂಟಲಿ, ಒಂದು ಪ್ರತಿ ಗ್ರಾಮ ಪಂಚಾಯ್ತಿಗೆ ಸೇರಲಿ. ಸೇರಿದ್ದಕ್ಕೆ ಸಹಿ ಇಲ್ಲದಿದ್ದರೆ ಥೀಸಿಸ್ ತೆಗೆದುಕೊಳ್ಳುವುದಿಲ್ಲ ಅಂತ ವಿಶ್ವವಿದ್ಯಾಲಯ ನಿಯಮ ಮಾಡಲಿ. ಪುಟದ ಅಂಚು ಎಷ್ಟಿರಬೇಕು ಅಂತೆಲ್ಲ ನಿಯಮ ಇಡುವವರಿಗೆ ಇದು ಕಷ್ಟವೇ?

ಕೆಲವು ತಕರಾರು ಬರುತ್ತವೆ, ಗೊತ್ತು. ಪಿ.ಜಿ. ಡಾಕ್ಟರುಗಳಿಗೆ ಮೊದಲೇ ನಿದ್ದೆ ಇಲ್ಲದ ಡ್ಯೂಟಿ ಅನ್ನುತ್ತಾರೆ. ನಿಜ, ಅವರ ಕಷ್ಟ ನಾವೂ ವಾರ್ಡಿನಲ್ಲಿ ನೋಡಿದ್ದೇವೆ. ಆದರೆ ಇಡೀ ಪುಸ್ತಕ ಬರೆದವರಿಗೆ ಒಂದು ಪುಟ ಹೆಚ್ಚಲ್ಲ. ಖಾಸಗಿ ವಿಷಯ ಬಯಲಾಗುತ್ತದೆ ಅಂದರೆ, ಯಾರ ಹೆಸರೂ ಬೇಡ. ನೂರರಲ್ಲಿ ಎಷ್ಟು ಜನಕ್ಕೆ ಏನಿದೆ, ಏನು ಮಾಡಬಹುದು, ಇಷ್ಟೇ ಸಾಕು. ಊರು ಚಿಕ್ಕದಾಗಿದ್ದು ಯಾರೆಂದು ಗುರುತು ಹತ್ತುವಂತಿದ್ದರೆ ಅಂಥ ಅಂಕಿ ಬಿಡಲಿ.

ಇನ್ನು, ವೈದ್ಯಕೀಯ ವಿಷಯ ಕನ್ನಡದಲ್ಲಿ ಹೇಳಲು ಬರುವುದಿಲ್ಲ ಅನ್ನುವ ಮಾತು. ಇದನ್ನು ಒಪ್ಪುವುದೇ ಇಲ್ಲ. ಡಾ. ಅನುಪಮಾ ನಿರಂಜನ ಅವರ ‘ತಾಯಿ ಮಗು’ ಓದಿ ಎಷ್ಟು ಮನೆಗಳು ಮಕ್ಕಳನ್ನು ಸಾಕಿಲ್ಲ? ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲಿ ಸಾಲು ಸಾಲು ಪುಸ್ತಕ ಬರೆದರು. ಭಾಷೆ ಸಾಲದೆ ಬಂದ ಕೊರತೆ ಇದಲ್ಲ.

ಇನ್ನೊಂದು ಕಡೆ ನೋಡಿ. ಇದೇ ವಿಶ್ವವಿದ್ಯಾಲಯ 2003ರಲ್ಲಿ ಹೆಲಿನೆಟ್ ಅಂತ ಜಾಲ ಕಟ್ಟಿ, ವಿದೇಶಿ ಜರ್ನಲ್‌ಗಳು ಕಾಲೇಜುಗಳಿಗೆ ಸಿಗುವಂತೆ ಮಾಡಿತು. ಒಳ್ಳೆಯ ಕೆಲಸ, ಮೆಚ್ಚಬೇಕು. ಅಷ್ಟು ದೂರದ ಜ್ಞಾನ ಇಲ್ಲಿಗೆ ತಂದವರಿಗೆ, ಇಲ್ಲಿಂದಲೇ ಎತ್ತಿಕೊಂಡು ಹೋದ ಮಾಹಿತಿಯನ್ನು ಇಪ್ಪತ್ತು ಮೂವತ್ತು ಕಿಲೋಮೀಟರ್ ವಾಪಸ್ ತರುವುದು ಯಾಕೆ ಆಗಬಾರದು? ಈಗ ಎಂಬಿಬಿಎಸ್ ವಿದ್ಯಾರ್ಥಿಗಳೂ ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ನೋಡಿಕೊಳ್ಳಬೇಕು ಅನ್ನುವ ನಿಯಮ ದೇಶಕ್ಕೆಲ್ಲ ಬಂದಿದೆ. ಅಂದರೆ ಪ್ರಶ್ನೆ ಹಾಳೆಗಳು ಇನ್ನೂ ಬರುತ್ತವೆ.

ನಿಯಮ ಆಗುವವರೆಗೆ ಕಾಯಬೇಕಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ಸಂಶೋಧನೆಗೆ ಮಾಹಿತಿ ಕೊಡುವವರಿಗೆ ಅವರ ಭಾಷೆಯಲ್ಲೇ ಎಲ್ಲ ವಿವರಿಸಿ ಒಪ್ಪಿಗೆ ಪಡೆಯಬೇಕು. ಬೇಡ ಅನ್ನುವ ಹಕ್ಕು ನಿಮಗಿದೆ, ನಡುವೆ ಬಿಡುವ ಹಕ್ಕೂ ಇದೆ. ಬೇಡ ಅಂದಿದ್ದಕ್ಕೆ ಚಿಕಿತ್ಸೆ ತಪ್ಪಿಸುವಂತಿಲ್ಲ. ಬೇಡ ಅನ್ನಿ ಅಂತ ನಾವು ಹೇಳುತ್ತಿಲ್ಲ. ಮಾಹಿತಿ ಕೊಡಿ, ಡಾಕ್ಟರುಗಳು ಕಲಿಯಬೇಕಾದ್ದು ನಮ್ಮಿಂದಲೇ. ಕೊಡುವಾಗ ಯಾವ ಕಾಲೇಜು, ಏನು ವಿಷಯ, ಫಲಿತಾಂಶ ಯಾವಾಗ ತಂದು ಹೇಳುತ್ತೀರಿ ಅಂತ ಕೇಳಿ, ಒಪ್ಪಿಗೆ ಪತ್ರದ ಒಂದು ಪ್ರತಿ ಇಟ್ಟುಕೊಳ್ಳಿ. ಆಶಾ ಅಕ್ಕನ ಫೋನಿನಲ್ಲಿ ಅದರ ಫೋಟೊ ಇದ್ದರೆ ಇನ್ನೂ ಒಳ್ಳೆಯದು.

ಫಲಿತಾಂಶ ತಂದು ಹೇಳಿದ ಕಾಲೇಜು ನಿಮ್ಮ ಕಡೆ ಯಾವುದಾದರೂ ಇದ್ದರೆ ನಮಗೆ ಬರೆಯಿರಿ. ಅದನ್ನೂ ಹೆಸರು ಹಾಕಿಯೇ ಪ್ರಕಟಿಸುತ್ತೇವೆ.