‘ಕ್ಯಾಂಪ್’ ಎಂದರೆ ಎಷ್ಟು ದಿನ?

ದಾಂಡೇಲಿಯಿಂದ ಸುಮಾರು 12 ಕಿ.ಮೀ. ದೂರದ ಕುಳಗಿಯಲ್ಲಿ ಅರಣ್ಯ ಇಲಾಖೆಯ ‘ನೇಚರ್ ಕ್ಯಾಂಪ್’ ಇದೆ. ಅಲ್ಲಿಗೆ ಹೋದ ಮಕ್ಕಳು ಒಂದೆರಡು ರಾತ್ರಿ ಡೇರೆಯಲ್ಲಿ ತಂಗಿ, ಕಾಡು ಸುತ್ತಿ, ಹಕ್ಕಿಗಳ ಹೆಸರು ಕಲಿತು ಊರಿಗೆ ಮರಳುತ್ತಾರೆ. ಕ್ಯಾಂಪ್ ಪದಕ್ಕೆ ನಿಘಂಟು ಮೊದಲು ಕೊಡುವ ಅರ್ಥವೂ ಇದೇ: ಡೇರೆ ಹಾಕಿ ಕೆಲಕಾಲ ತಂಗುವ ಜಾಗ.

ಪದದ ಮೂಲ ಲ್ಯಾಟಿನ್ ಭಾಷೆಯ ‘ಕಂಪುಸ್’, ಅಂದರೆ ಬಯಲು. ಸೈನ್ಯ ಬೀಡುಬಿಡುವುದು ಬಯಲಿನಲ್ಲಿ, ಕಾದುವುದೂ ಅಲ್ಲಿಯೇ. ಕಾಲೇಜಿನ ಕ್ಯಾಂಪಸ್, ಚುನಾವಣೆಯ ಕ್ಯಾಂಪೇನ್, ಆಟದ ಚಾಂಪಿಯನ್ ಎಲ್ಲವೂ ಈ ಬಯಲಿನ ಬಂಧುಗಳೇ. ಬೆಳಗಾವಿಯ ದಂಡು ಪ್ರದೇಶವನ್ನು ಜನ ಇಂದಿಗೂ ‘ಕ್ಯಾಂಪ್’ ಎನ್ನುತ್ತಾರೆ.

ಸರ್ಕಾರಿ ಕಚೇರಿಯಲ್ಲಿ ‘ಸಾಹೇಬರು ಕ್ಯಾಂಪಿನಲ್ಲಿದ್ದಾರೆ’ ಎಂದರೆ ಡೇರೆ ಹುಡುಕಬೇಕಾಗಿಲ್ಲ. ಅವರು ಕೆಲಸದ ಮೇಲೆ ಪರಊರಿಗೆ ಹೋಗಿದ್ದಾರೆ, ಅಷ್ಟೆ. ಬ್ರಿಟಿಷರ ಕಾಲದ ಕಲೆಕ್ಟರರು ನಿಜಕ್ಕೂ ಡೇರೆಗಳೊಂದಿಗೆ ಜಿಲ್ಲೆ ಸುತ್ತುತ್ತಿದ್ದರು. ಡೇರೆ ಹೋಯಿತು, ಪದ ಉಳಿಯಿತು. ಹಳಬರು ಇದಕ್ಕೆ ‘ಮೊಕ್ಕಾಂ’ ಎನ್ನುತ್ತಿದ್ದರು. ಈ ಬಳಕೆ ನಮ್ಮ ದೇಶದ್ದು. ಹೊರದೇಶದವರಿಗೆ ಬರೆಯುವಾಗ ‘ಅವೇ ಆನ್ ಅಫೀಶಿಯಲ್ ವರ್ಕ್’ ಎನ್ನುವುದು ಲೇಸು.

‘ಬ್ರೇಕ್ ಕ್ಯಾಂಪ್’ ಎಂಬುದನ್ನು ‘ಶಿಬಿರ ಮುರಿದರು’ ಎಂದು ಅನುವಾದಿಸಿದರೆ ಪರೀಕ್ಷೆಯಲ್ಲಿ ಅಂಕ ಹೋದೀತು. ಡೇರೆ ಕಿತ್ತು ಹೊರಟರು ಎಂದು ಅದರ ಅರ್ಥ. ಪತ್ರಿಕೆಯ ರಾಜಕೀಯ ಪುಟದ ‘ರೈವಲ್ ಕ್ಯಾಂಪ್’ ಎದುರಾಳಿಗಳ ಬಣ.

ಕುಳಗಿ ಇರುವ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ, ಮುಂಡಗೋಡಿಗೆ ಹೋದರೆ ಮಾತ್ರ ನಿಘಂಟಿನ ‘ಕೆಲಕಾಲ’ ಎಂಬ ಮಾತು ಸುಳ್ಳಾಗುತ್ತದೆ. ತಾಯ್ನೆಲ ಬಿಟ್ಟು ಬಂದ ಟಿಬೆಟನ್ನರಿಗೆ 1966ರಲ್ಲಿ ಇಲ್ಲಿ ನೆಲೆ ದೊರೆಯಿತು. ಅವರ ಹಳ್ಳಿಗಳಿಗೆ ಕ್ಯಾಂಪ್ ಎಂಬ ಹೆಸರು, ಜೊತೆಗೊಂದು ನಂಬರು. ಗಾದೆನ್ ಮಠ ಇರುವುದು ಲಾಮಾ ಕ್ಯಾಂಪ್ 1ರಲ್ಲಿ, ಡ್ರೆಪುಂಗ್ ಮಠ ಲಾಮಾ ಕ್ಯಾಂಪ್ 2ರಲ್ಲಿ. ಹೊಲ, ಮನೆ, ಶಾಲೆ, ಆಸ್ಪತ್ರೆ ಎಲ್ಲ ಆಗಿವೆ; ಅಜ್ಜಿ ಬಂದಿಳಿದ ಕ್ಯಾಂಪಿನಲ್ಲಿಯೇ ಮೊಮ್ಮಕ್ಕಳು ಹುಟ್ಟಿ ಬೆಳೆದಿದ್ದಾರೆ. ಸಿಂಧನೂರು, ಗಂಗಾವತಿ ಕಡೆಯೂ ಹೀಗೆಯೇ. ತುಂಗಭದ್ರಾ ಕಾಲುವೆಯ ನೀರು ಹರಿದ ಮೇಲೆ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರುಗಳು ಇಂದಿಗೂ ಕ್ಯಾಂಪುಗಳೇ.

ಇಂಥ ಊರಿನ ವಿದ್ಯಾರ್ಥಿನಿಯೊಬ್ಬಳು ಯುರೋಪಿನ ಗೆಳತಿಗೆ ‘ಐ ಲಿವ್ ಇನ್ ಎ ಕ್ಯಾಂಪ್’ ಎಂದು ಬರೆದಳೆನ್ನಿ. ಓದಿದವಳ ಕಣ್ಣಿಗೆ ಕಟ್ಟುವುದು ಹರಕು ಡೇರೆ, ಇಲ್ಲವೇ ಮುಳ್ಳುತಂತಿ. ಎರಡನೆಯ ಮಹಾಯುದ್ಧದ ಯಾತನಾ ಶಿಬಿರಗಳ ನಂತರ ಅಲ್ಲಿಯವರ ಕಿವಿಗೆ ಈ ಪದ ಹಗುರವಾದುದಲ್ಲ. ಮುಂಡಗೋಡಿನ ಹುಡುಗಿ ‘ಟಿಬೆಟನ್ ಸೆಟ್ಲ್‌ಮೆಂಟ್’ ಎಂದು ಬರೆಯಬೇಕು. ನೆಲೆಯೂರಿದ ಜನರ ವಸತಿ ಎಂಬ ಅರ್ಥ ಆಗ ಸರಿಯಾಗಿ ಮುಟ್ಟುತ್ತದೆ. ಸಿಂಧನೂರಿನವಳಿಗೆ ‘ವಿಲೇಜ್’ ಎಂಬ ಸರಳ ಪದವೇ ಸಾಕು. ‘ಕ್ಯಾಂಪ್’ ಪದವನ್ನು ಇಬ್ಬರೂ ವಿಳಾಸದ ಸಾಲಿನಲ್ಲಿ ಉಳಿಸಿಕೊಳ್ಳಲಿ. ಅದಿಲ್ಲದಿದ್ದರೆ ಉತ್ತರ ತಂದ ಅಂಚೆಯವನಿಗೆ ಮನೆ ಸಿಗದು.